ಕಡಿಮೆ ಖರ್ಚಿನಲ್ಲಿ ಮನೆಯ ಸೌಂಡ್ ಸಿಸ್ಟಮ್ ಸುಧಾರಿಸುವುದು: ಕರಾವಳಿ ಮನೆಗಳಿಗೊಂದು ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಅಂಗಡಿಯಲ್ಲಿ ಕೇಳುವಾಗ ಚೆನ್ನಾಗಿತ್ತು. ಮನೆಗೆ ತಂದು ಹಾಕಿದರೆ ಬರೀ ಗುಂಯ್‌ಗುಡುತ್ತದೆ, ಮಾತು ಬಿಡಿಸಿ ಕೇಳುವುದಿಲ್ಲ. ಸ್ಪೀಕರ್ ಬದಲಿಸಬೇಕಾ?’

ಹೆಚ್ಚಿನ ಮನೆಗಳಲ್ಲಿ ಬೇಡ. ಈಗಿನ ನಮ್ಮ ಹಾಲ್‌ಗಳನ್ನು ನೋಡಿ. ನೆಲಕ್ಕೆ ಟೈಲ್ಸ್, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಗೋಡೆಗೆ ನುಣ್ಣಗಿನ ಪುಟ್ಟಿ, ಕಿಟಕಿಗೆ ಅಗಲ ಗಾಜು. ಸದ್ದು ಹೀರಿಕೊಳ್ಳುವ ಮೆತ್ತನೆಯ ವಸ್ತು ಅಂತ ಸೋಫಾ ಬಿಟ್ಟರೆ ಏನೂ ಇಲ್ಲ. ಸ್ಪೀಕರಿನಿಂದ ಹೊರಟ ಸದ್ದು ಒಮ್ಮೆ ನೇರವಾಗಿ ಕಿವಿಗೆ ಬರುತ್ತದೆ. ಆಮೇಲೆ ಅದೇ ಸದ್ದು ಗೋಡೆ, ನೆಲ, ಸ್ಲ್ಯಾಬಿಗೆ ಬಡಿದು ಹತ್ತಾರು ಸಲ ಬರುತ್ತದೆ. ಇದರ ಜೊತೆಗೆ ಕಡಲ ಕಡೆಯ ಉಪ್ಪುಗಾಳಿ, ಮಳೆಗಾಲದ ತೇವ. ವೈರು, ಪಿನ್ನು, ಸ್ವಿಚ್ಚುಗಳಿಗೆಲ್ಲ ಕಿಲುಬು. ಕೋಣೆ ಮತ್ತು ಕಿಲುಬು, ಇವೆರಡನ್ನು ಸರಿಮಾಡಿದರೆ ಈಗಿರುವ ಸೆಟ್ಟಿನಿಂದಲೇ ಎಷ್ಟೋ ಒಳ್ಳೆಯ ಸದ್ದು ಬರುತ್ತದೆ. ಮಂಗಳೂರು ಹೆಂಚಿನ ಹಳೆ ಮನೆಯಲ್ಲಿ, ಅದರಲ್ಲೂ ಮರದ ಮುಚ್ಚಿಗೆ ಇರುವ ಕೋಣೆಯಲ್ಲಿ ಕೇಳುವವರಿಗೆ ಅರ್ಧ ಕೆಲಸ ಆಗಲೇ ಆಗಿದೆ. ಅವರು ಐದನೇ ಹಂತವನ್ನು ಬಿಡಬಹುದು.

ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಖರ್ಚಿಲ್ಲದ ಕೆಲಸಗಳು ಮೊದಲು ಬರುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದೆರಡು ದಿನ ಕೇಳಿ, ಆಮೇಲೆ ಮುಂದಿನದು. ಒಂದೇ ಭಾನುವಾರ ಎಲ್ಲವನ್ನೂ ಮಾಡಿದರೆ ಯಾವುದರಿಂದ ಲಾಭವಾಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ.

ಕೈಯಲ್ಲಿರಬೇಕಾದ್ದು: ಅಳತೆ ಟೇಪು, ಪೆನ್ಸಿಲ್, ಸಣ್ಣ ಕನ್ನಡಿ, 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್, ವೈರ್ ಸುಲಿಯುವ ಕಟ್ಟರ್, ಕಿವಿಗೆ ಹಾಕುವ ಹತ್ತಿಕಡ್ಡಿ, ಮೆಡಿಕಲ್‌ನಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್. ಮಂಗಳೂರಿನ ಹಂಪನಕಟ್ಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿ ಸಾಮಾನೆಲ್ಲ ಸಿಗುತ್ತದೆ.

1. ಮೊದಲು ಕೋಣೆಯನ್ನು ಕೇಳಿ

ಫ್ಯಾನ್ ಆಫ್ ಮಾಡಿ. ಹಾಲ್ ಮಧ್ಯೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಟಪ್’ ಅಂತ ಅಲ್ಲಿಗೇ ನಿಂತರೆ ಒಳ್ಳೆಯದು. ‘ಟಪ್’ ಹಿಂದೆಯೇ ‘ಟ್ರ್‌ರ್‌ರ್’ ಅಂತ ಲೋಹದಂಥ ಬಾಲ ಬಂದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಚೆಂಡಾಟವಾಡುತ್ತಿದೆ ಅಂತ ಅರ್ಥ. ಟಿವಿಯ ಮಾತು ಕಲಸಿಹೋಗುವುದು ಈ ಬಾಲದಿಂದಲೇ.

ಆಮೇಲೆ ನಿಮಗೆ ಬಾಯಿಪಾಠ ಆಗುವಷ್ಟು ಪರಿಚಯವಿರುವ ಒಂದು ರೆಕಾರ್ಡಿಂಗ್ ಆರಿಸಿಕೊಳ್ಳಿ. ನಮ್ಮ ಕಡೆಯವರಿಗೆ ಯಕ್ಷಗಾನದ ಒಳ್ಳೆಯ ಆಡಿಯೋಗಿಂತ ಬೇರೆ ಪರೀಕ್ಷೆ ಬೇಡ ಅಂತ ನನ್ನ ಅಭಿಪ್ರಾಯ. ಚೆಂಡೆಯ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ ಕೇಳಬೇಕು. ಮದ್ದಳೆಯ ದಪ್ಪ ದನಿ ಊದಿಕೊಳ್ಳಬಾರದು. ಚಕ್ರತಾಳ ಕಿವಿಗೆ ಚುಚ್ಚಬಾರದು. ಇಷ್ಟೆಲ್ಲದರ ನಡುವೆ ಭಾಗವತರ ಪದದ ಸಾಹಿತ್ಯ ತಿಳಿಯಬೇಕು. ಪ್ರತಿ ಹಂತದ ನಂತರ ಇದೇ ತುಣುಕನ್ನು, ಇಷ್ಟೇ ವಾಲ್ಯೂಮಿನಲ್ಲಿ ಕೇಳಿ. ವಾಲ್ಯೂಮ್ ಮಾತ್ರ ಬದಲಿಸಬೇಡಿ. ಸ್ವಲ್ಪ ಜಾಸ್ತಿ ಇದ್ದದ್ದು ಯಾವಾಗಲೂ ‘ಚೆನ್ನಾಗಿದೆ’ ಅಂತಲೇ ಅನಿಸುತ್ತದೆ.

2. ಸ್ಪೀಕರ್ ಇಡುವ ಜಾಗ

ಒಂದು ರೂಪಾಯಿಯೂ ಖರ್ಚಿಲ್ಲದೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕಾಣುವುದು ಇಲ್ಲಿ.

ಸ್ಪೀಕರನ್ನು ಗೋಡೆಗೆ ಒತ್ತಿಟ್ಟರೆ ಬೇಸ್, ಅಂದರೆ ದಪ್ಪ ದನಿ, ಜಾಸ್ತಿಯಾಗುತ್ತದೆ. ಮೂಲೆಗೆ ತಳ್ಳಿದರೆ ಇನ್ನೂ ಜಾಸ್ತಿ. ಕೇಳಲು ಮೊದಲಿಗೆ ಭಾರಿ ಅನಿಸಿದರೂ ಮಾತನ್ನು ನುಂಗಿಬಿಡುತ್ತದೆ. 10 ಅಡಿ × 12 ಅಡಿ ಕೋಣೆ ಅಂತ ಇಟ್ಟುಕೊಳ್ಳಿ. 10 ಅಡಿಯ ಗೋಡೆಯ ಕಡೆ ಎರಡೂ ಸ್ಪೀಕರ್ ಇಡಿ. ಹಿಂದಿನ ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದಕ್ಕೆ ಬರಲಿ. ಪಕ್ಕದ ಗೋಡೆಗೆ ಇರುವ ದೂರ ಹಿಂದಿನ ಗೋಡೆಗೆ ಇರುವಷ್ಟೇ ಇರಬಾರದು, ಸ್ವಲ್ಪ ಹೆಚ್ಚುಕಮ್ಮಿ ಇರಲಿ. ಎರಡರ ನಡುವೆ 6 ಅಡಿ ಇದ್ದರೆ, ನೀವೂ ಪ್ರತಿಯೊಂದರಿಂದ 6 ಅಡಿಯ ಆಸುಪಾಸಿನಲ್ಲಿ ಕೂರಿ. ಮೂರು ಬದಿಯೂ ಸಮವಾದ ತ್ರಿಕೋನ ಆಗಬೇಕು. ಮುಖ ಸ್ವಲ್ಪ ನಿಮ್ಮ ಕಡೆ ತಿರುಗಿರಲಿ.

ಎತ್ತರವೂ ಮುಖ್ಯ. ಚೂಪು ದನಿ ಹೊರಡಿಸುವ ಸಣ್ಣ ಸ್ಪೀಕರಿಗೆ ಟ್ವೀಟರ್ ಅನ್ನುತ್ತಾರೆ. ಅದು ಕೂತವರ ಕಿವಿಯ ಎತ್ತರಕ್ಕಿರಬೇಕು, ಸೋಫಾದಲ್ಲಿ ಕೂತರೆ ನೆಲದಿಂದ ಸುಮಾರು 3 ಅಡಿ. ಹೋಂ ಥಿಯೇಟರ್ ಫಿಟ್ ಮಾಡುವವರು ಮುಂದಿನ ಎರಡು ಸಣ್ಣ ಸ್ಪೀಕರನ್ನು ಸ್ಲ್ಯಾಬಿನ ಮೂಲೆಗೆ ಏರಿಸಿ ಹೋಗುತ್ತಾರಲ್ಲ, ಅದನ್ನು ಕೆಳಗಿಳಿಸಿ. ಇದೊಂದರಿಂದಲೇ ಮಾತು ಟಿವಿಯಿಂದ ಬಂದ ಹಾಗೆ ಕೇಳುತ್ತದೆ.

ನಿಮ್ಮ ತಲೆ ಕೋಣೆಯ ಸರಿ ಮಧ್ಯದಲ್ಲೂ ಇರಬಾರದು, ಹಿಂದಿನ ಗೋಡೆಗೆ ತಾಗಿಕೊಂಡೂ ಇರಬಾರದು. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸಿನ ಬೇಸ್ ಗೋಡೆಯ ಹತ್ತಿರ ಊದಿಕೊಳ್ಳುತ್ತದೆ, ಮಧ್ಯದಲ್ಲಿ ಬಹುತೇಕ ಮಾಯವಾಗುತ್ತದೆ. ಹರ್ಟ್ಸ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ. ಕುರ್ಚಿಯನ್ನು ಒಂದೊಂದೇ ಅಡಿ ಹಿಂದೆ ಮುಂದೆ ಸರಿಸಿ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ಸಬ್‌ವೂಫರ್, ಅಂದರೆ ಬರೀ ಬೇಸ್ ದನಿಗೆ ಇರುವ ಪೆಟ್ಟಿಗೆ ಇದ್ದರೆ, ಅದನ್ನು ನೀವು ಕೂರುವ ಜಾಗದಲ್ಲೇ ಇಟ್ಟು ಹಾಡು ಹಾಕಿ. ನೀವು ಗೋಡೆಯುದ್ದಕ್ಕೂ ಬಗ್ಗಿಕೊಂಡು, ಕಿವಿ ನೆಲದ ಹತ್ತಿರ ಇಟ್ಟು ನಡೆಯಿರಿ. ಎಲ್ಲಿ ಬೇಸ್ ಊದಿಕೊಳ್ಳದೆ ಬಿಗಿಯಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಮನೆಯವರು ವಿಚಿತ್ರವಾಗಿ ನೋಡಬಹುದು, ಆದರೆ ಇದಕ್ಕಿಂತ ಸುಲಭದ ಉಪಾಯ ಇಲ್ಲ.

ಶೋಕೇಸಿನ ಗೂಡಿನೊಳಗೇ ಇಡಬೇಕಾದ ಅನಿವಾರ್ಯತೆ ಇದ್ದರೆ ಸ್ಪೀಕರಿನ ಮುಖ ಗೂಡಿನ ಅಂಚಿಗೆ ಬರುವ ಹಾಗೆ ಎಳೆಯಿರಿ. ಪೆಟ್ಟಿಗೆಯ ಹಿಂದೆ ದುಂಡು ತೂತು ಇದ್ದರೆ ಅದು ಪೋರ್ಟ್, ಬೇಸ್ ಹೊರಬರುವ ದಾರಿ. ಗುಂಯ್ ಜಾಸ್ತಿ ಅನಿಸಿದರೆ ಅದಕ್ಕೆ ಒಂದು ಹತ್ತಿ ಕಾಲುಚೀಲ ಸುತ್ತಿ ತುರುಕಿ. ಒಳಗೆ ಬಿದ್ದುಹೋಗದಂತೆ ದಾರ ಕಟ್ಟಿ ಹೊರಗೆ ಬಿಡಿ.

3. ಅಡಿಪಾಯ

ಟೊಳ್ಳು ಮೇಜು, ಪ್ಲೈವುಡ್ ಶೆಲ್ಫಿನ ಮೇಲೆ ಇಟ್ಟ ಸ್ಪೀಕರ್ ಆ ಮೇಜನ್ನೂ ಹಾಡಿಸುತ್ತದೆ. ಪರೀಕ್ಷೆಗೆ, ಹಾಡು ಹಾಕಿ ಮೇಜಿನ ಮೇಲೆ ಅಂಗೈ ಇಡಿ. ನಡುಗಿದರೆ ಮೇಜೂ ಸದ್ದು ಮಾಡುತ್ತಿದೆ.

ಮನೆ ಕಟ್ಟಿ ಉಳಿದ ಕೆಂಪು ಕಲ್ಲು ಅಂಗಳದಲ್ಲಿ ಬಿದ್ದಿರುತ್ತದಲ್ವಾ, ಅದಕ್ಕಿಂತ ಒಳ್ಳೆಯ ಸ್ಟ್ಯಾಂಡ್ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು. ಭಾರ ಇದೆ, ಅಲುಗುವುದಿಲ್ಲ. ಕೆಂಪು ಧೂಳು ಉದುರದಂತೆ ಸಿಮೆಂಟ್ ನೀರು ಬಳಿದು ಒಣಗಿಸಿ, ಬೇಕಾದರೆ ಗೋಣಿಬಟ್ಟೆ ಸುತ್ತಿ. ಸಾಲಿಡ್ ಬ್ಲಾಕೂ ಆಗುತ್ತದೆ. ಕಲ್ಲಿನ ಮೇಲೆ ನಾಲ್ಕು ಮೂಲೆಗೆ ಹಳೆ ಹವಾಯಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ ಬಿಲ್ಲೆ ಇಟ್ಟು, ಅದರ ಮೇಲೆ ಸ್ಪೀಕರ್ ಇಡಿ.

ಎಚ್ಚರಿಕೆ: ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕಲ್ಲನ್ನು ಸುಮ್ನೆ ಒಂದರ ಮೇಲೊಂದು ಪೇರಿಸಬೇಡಿ. ಗಾರೆ ಹಾಕಿ ಸೇರಿಸಿ, ಇಲ್ಲವಾದರೆ ಒಂದೇ ಕಲ್ಲಿಗೆ ನಿಲ್ಲಿಸಿ ಸ್ಪೀಕರಿನ ಮುಖವನ್ನು ಸ್ವಲ್ಪ ಮೇಲಕ್ಕೆ ವಾಲಿಸಿ.

4. ಪ್ಲಸ್–ಮೈನಸ್ ಸರಿ ಇದೆಯಾ?

ಎರಡರಲ್ಲಿ ಒಂದು ಸ್ಪೀಕರಿನ ವೈರ್ ತಿರುಗುಮುರುಗಾಗಿದ್ದರೆ ಒಂದರ ಕೋನ್, ಅಂದರೆ ಅದುರಿ ಸದ್ದು ಹೊರಡಿಸುವ ದುಂಡು ಪರದೆ, ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ. ಬೇಸ್ ಒಂದನ್ನೊಂದು ಕಳೆದುಹಾಕುತ್ತದೆ. ಪರೀಕ್ಷೆ ಸುಲಭ. 100.3 ಎಫ್‌ಎಂನಲ್ಲಿ ಮಂಗಳೂರು ಆಕಾಶವಾಣಿಯ ವಾರ್ತೆ ಹಾಕಿ, ಎರಡು ಸ್ಪೀಕರಿನ ಸರಿ ಮಧ್ಯೆ ಕೂರಿ. ಓದುವವರ ದನಿ ನಡುವಿನ ಖಾಲಿ ಜಾಗದಿಂದ ಬಂದ ಹಾಗೆ ಕೇಳಬೇಕು. ತಲೆಯ ಸುತ್ತ ಹರಡಿಕೊಂಡು ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದಿದ್ದರೆ ಒಂದು ಸ್ಪೀಕರಿನ ವೈರ್ ಮಾತ್ರ ಅದಲುಬದಲು ಮಾಡಿ.

ಬಣ್ಣ ಅಳಿಸಿಹೋದ ಹಳೆ ಸ್ಪೀಕರ್ ಆದರೆ, ಆಂಪ್ಲಿಫೈಯರಿನಿಂದ, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಪೆಟ್ಟಿಗೆಯಿಂದ, ಪೂರ್ತಿ ಬಿಡಿಸಿ ಅದರ ಎರಡು ವೈರಿಗೆ 1.5 ವೋಲ್ಟ್ ಸೆಲ್ಲನ್ನು ಕ್ಷಣ ಮಾತ್ರ ತಾಗಿಸಿ. ದೊಡ್ಡ ಕೋನ್ ಹೊರಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. 9 ವೋಲ್ಟ್ ಬ್ಯಾಟರಿ ಬೇಡ. ಬಿಡಿ ಟ್ವೀಟರಿಗೆ ಈ ಪರೀಕ್ಷೆ ಮಾಡಲೇಬೇಡಿ, ಸುಟ್ಟುಹೋಗಬಹುದು.

5. ಗೋಡೆಗೆ ಹೀರುಹಲಗೆ

ಖರ್ಚು ಶುರುವಾಗುವುದು ಇಲ್ಲಿ. ಶ್ರಮವೂ ಇದಕ್ಕೇ ಜಾಸ್ತಿ, ಫಲವೂ ಜಾಸ್ತಿ.

ಮೊದಲು ನೆಲಕ್ಕೆ, ನಿಮ್ಮ ಮತ್ತು ಸ್ಪೀಕರಿನ ನಡುವೆ, ಒಂದು ದಪ್ಪ ಜಮಖಾನವೋ ನಾರಿನ ಮ್ಯಾಟೋ ಹಾಸಿ. ಗಾಜಿನ ಕಿಟಕಿಗೆ ದಪ್ಪ ಹತ್ತಿಯ ಪರದೆ, ನೆರಿಗೆ ಧಾರಾಳವಾಗಿರಲಿ. ಚಪ್ಪಾಳೆಯ ಬಾಲ ಆಗಲೇ ಗಿಡ್ಡವಾಗಿರುತ್ತದೆ.

ಇನ್ನು ಗೋಡೆ. ನೀವು ಕೂರುವ ಜಾಗದಲ್ಲಿ ಕೂತಿರಿ. ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು, ನಿಮ್ಮ ಕಿವಿಯ ಎತ್ತರದಲ್ಲಿ, ಮೆಲ್ಲಗೆ ಸ್ಪೀಕರಿನ ಕಡೆ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ನಿಮಗೆ ಟ್ವೀಟರ್ ಕಂಡ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ. ಸದ್ದು ಮೊದಲು ಬಡಿದು ನಿಮ್ಮ ಕಡೆ ಬರುವ ಜಾಗ ಅದೇ. ಎರಡು ಗೋಡೆಗೂ ಹೀಗೆ ಮಾಡಿ. ಗೋಡೆ ಪೂರ್ತಿ ಮುಚ್ಚುವ ಅಗತ್ಯ ಇಲ್ಲ, ಈ ಎರಡು ಜಾಗಕ್ಕೆ ಒಂದೊಂದು ಹಲಗೆ ಸಾಕು.

ಹಲಗೆ ಮಾಡುವ ಬಗೆ ಹೀಗೆ. ಹಳೆ ಹೆಂಚಿನ ಮಾಡು ಬಿಚ್ಚಿದ ರೀಪು ಸಿಕ್ಕರೆ ತನ್ನಿ, ಹುಳ ಹಿಡಿದಿಲ್ಲವಾ ನೋಡಿಕೊಳ್ಳಿ. 4 ಅಡಿ ಉದ್ದ, 2 ಅಡಿ ಅಗಲ, 3ರಿಂದ 4 ಇಂಚು ಆಳದ ಚೌಕಟ್ಟು ಹೊಡೆಯಿರಿ. ಹಿಂಬದಿಗೆ ಸೊಳ್ಳೆಪರದೆಯ ಬಲೆ ಬಿಗಿದು ಸಣ್ಣ ಮೊಳೆ ಹೊಡೆಯಿರಿ. ಒಳಗೆ ತುಂಬಲು ಹಳೆ ನಾರಿನ ಹಾಸಿಗೆಯ ಒಳಗಿರುವ ರಬ್ಬರೈಸ್ಡ್ ಕಾಯರ್ ಹಾಳೆ ಕತ್ತರಿಸಿ ಹಾಕಿ. ಹಾಸಿಗೆ ಅಂಗಡಿಯಲ್ಲಿ ತುಂಡು ಕೇಳಿದರೂ ಆಗುತ್ತದೆ. ಮುಂಬದಿಗೆ ಬಟ್ಟೆ ಎಳೆದು ಕಟ್ಟಿ. ಯಾವ ಬಟ್ಟೆ? ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಸದ್ದೂ ಹೋಗುತ್ತದೆ. ಹಳೆ ಹತ್ತಿ ಸೀರೆ, ತೆಳು ಬೈರಾಸು, ಗೋಣಿಬಟ್ಟೆ ಎಲ್ಲವೂ ಸರಿ. ರೆಕ್ಸಿನ್, ಪ್ಲಾಸ್ಟಿಕ್ ಬೇಡ.

ಈಗ ಮುಖ್ಯ ಮಾತು. ಹಲಗೆಯನ್ನು ಗೋಡೆಗೆ ಅಂಟಿಸಬೇಡಿ. ಹಿಂದೆ ಮರದ ತುಂಡು ಕೊಟ್ಟು 2 ಇಂಚು ಅಂತರ ಬಿಟ್ಟು, ಫೋಟೋ ನೇತುಹಾಕಿದ ಹಾಗೆ ಎರಡು ಕೊಕ್ಕೆಗೆ ತೂಗುಹಾಕಿ. ಹಿಂದೆ ಗಾಳಿಯ ಸಂದು ಇದ್ದರೆ ಅದೇ ದಪ್ಪದ ಹಲಗೆ ಇನ್ನೂ ಕೆಳಗಿನ ದನಿಯನ್ನೂ ಹೀರುತ್ತದೆ. ಇದು ಎಲ್ಲ ಊರಿಗೂ ಅನ್ವಯಿಸುವ ಮಾತು. ನಮ್ಮ ಊರಿಗೆ ಇನ್ನೊಂದು ಕಾರಣ ಇದೆ: ಜೂನ್ ಬಂತೆಂದರೆ ಗೋಡೆ ಬೆವರುತ್ತದೆ. ಅಂಟಿಸಿದ ಹಲಗೆಯ ಹಿಂದೆ ಬೂಷ್ಟು ಬೆಳೆದು ಗೋಡೆಯೂ ಹಾಳು, ಮನೆಯೆಲ್ಲ ಮುಗ್ಗುಲು ವಾಸನೆ. ಸಂದು ಇದ್ದರೆ ಗಾಳಿಯಾಡುತ್ತದೆ, ವಾರಕ್ಕೊಮ್ಮೆ ಇಳಿಸಿ ನೋಡಬಹುದು, ಬಿಸಿಲು ಬಂದ ದಿನ ಅಂಗಳಕ್ಕೆ ಹಾಕಬಹುದು. ಮಳೆ ಬಡಿಯುವ ಹೊರಗೋಡೆಯ ಒಳಬದಿಗೆ ಹಾಕುವುದಾದರೆ ಸಂದು 3 ಇಂಚು ಇರಲಿ. ಹತ್ತಿ ತುಂಬಿಸಬೇಡಿ, ಅದು ತೇವ ಹಿಡಿಯುತ್ತದೆ.

ಸೋಫಾ ಹಿಂದಿನ ಗೋಡೆಗೇ ತಾಗಿದ್ದು ಸರಿಸಲು ಜಾಗವಿಲ್ಲದಿದ್ದರೆ ತಲೆಯ ಹಿಂದೆ ಮೂರನೇ ಹಲಗೆ ಹಾಕಿ.

ಮೊಟ್ಟೆಯ ಟ್ರೇ, ಥರ್ಮೋಕೋಲ್ ಅಂಟಿಸಲು ಹೋಗಬೇಡಿ. ಅವು ಬಹುತೇಕ ಏನನ್ನೂ ಹೀರುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಒಂದಿಂಚಿನ ಕಪ್ಪು ಸ್ಪಂಜು ಚೂಪು ದನಿಯನ್ನು ಮಾತ್ರ ತಿನ್ನುತ್ತದೆ. 1000 ಹರ್ಟ್ಸಿನ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್, 100 ಹರ್ಟ್ಸಿನದ್ದು 3.4 ಮೀಟರ್. ಒಂದಿಂಚು ಅದನ್ನು ಹೇಗೆ ತಡೆದೀತು? ಗೋಡೆ ಪೂರ್ತಿ ಸ್ಪಂಜು ಅಂಟಿಸಿದವರ ಕೋಣೆ ಮಂಕಾಗುತ್ತದೆ, ಗುಂಯ್ ಹಾಗೇ ಉಳಿಯುತ್ತದೆ. ಇನ್ನೊಂದು ವಿಷಯ, ಸ್ಪಂಜೂ ನಾರೂ ಬೆಂಕಿ ಹಿಡಿಯುವ ವಸ್ತುಗಳು. ದೇವರ ದೀಪ, ಸ್ವಿಚ್ ಬೋರ್ಡ್ ಹತ್ತಿರ ಇಡಬೇಡಿ.

6. ಕಿಲುಬು ತೆಗೆಯಿರಿ

ಒಂದು ಕಡೆ ಸದ್ದು ಕಡಿಮೆ, ವಾಲ್ಯೂಮ್ ತಿರುಗಿಸಿದರೆ ಕರಕರ, ಪಿನ್ ಅಲ್ಲಾಡಿಸಿದರೆ ಬಂದು ಹೋಗುವುದು. ಸಮುದ್ರದ ಹತ್ತಿರದ ಮನೆಗಳಲ್ಲಿ ಇದಕ್ಕೆಲ್ಲ ಕಾರಣ ಸಾಮಾನ್ಯವಾಗಿ ಕಿಲುಬು.

ಮೊದಲು ಪ್ಲಗ್ ಕಿತ್ತಿಡಿ. ಸ್ಪೀಕರ್ ವೈರ್ ಬಿಚ್ಚಿ ತುದಿ ನೋಡಿ. ತಾಮ್ರ ಹಸಿರಾಗಿ ಅಥವಾ ಕಪ್ಪಾಗಿದ್ದರೆ ಉಜ್ಜುತ್ತಾ ಕೂರಬೇಡಿ, ಒಂದಿಂಚು ಕತ್ತರಿಸಿ ಹೊಸದಾಗಿ ಸುಲಿಯಿರಿ. ಎಳೆಗಳನ್ನು ಬಿಗಿಯಾಗಿ ಹೊಸೆದು ಹಾಕಿ. ಒಂದು ಎಳೆ ಆಚೆ ಬಂದು ಪಕ್ಕದ ಟರ್ಮಿನಲ್‌ಗೆ ತಾಗಿದರೂ ಆಂಪ್ಲಿಫೈಯರ್ ಸುಡಬಹುದು. ಕೆಂಪು, ಬಿಳಿ ಪಿನ್ನುಗಳ ಒಳಹೊರಗನ್ನು ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಕರಕರ ಅನ್ನುವ ವಾಲ್ಯೂಮ್ ಗುಬುಟನ್ನು ಪವರ್ ಇಲ್ಲದೆ ಈ ತುದಿಯಿಂದ ಆ ತುದಿಗೆ 30 ಸಲ ತಿರುಗಿಸಿ. ಅರ್ಧಕ್ಕರ್ಧ ತೊಂದರೆ ಇಷ್ಟರಲ್ಲೇ ಹೋಗುತ್ತದೆ. ಹೋಗದಿದ್ದರೆ ರಿಪೇರಿಯವರಿಂದ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ. ಬಾಗಿಲ ಬಿಜಾಗರಿಗೆ ಹೊಡೆಯುವ ತುಕ್ಕಿನ ಸ್ಪ್ರೇ ಬೇಡ. ಆಂಪ್ಲಿಫೈಯರ್ ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

7. ವೈರ್

ಇದಕ್ಕೆ ಹೆಚ್ಚು ಹೇಳಲು ಇಲ್ಲ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರಿನ ಶುದ್ಧ ತಾಮ್ರದ, ಎಳೆಎಳೆ ವೈರ್ ಸಾಕು. 5 ಮೀಟರ್ ದೂರಕ್ಕೆ ಹೋಗಿ ಬರುವ ವೈರಿನ ತಡೆ ಸುಮಾರು 0.12 ಓಮ್. 8 ಓಮ್ ಸ್ಪೀಕರಿಗೆ ಅದು ಲೆಕ್ಕಕ್ಕೇ ಇಲ್ಲ. ಸಾವಿರಾರು ರೂಪಾಯಿಯ ಕೇಬಲ್‌ನಿಂದ ಈ ದೂರಕ್ಕೆ ಕೇಳುವಂಥ ಲಾಭ ಇಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ವೈರ್ ಮಾತ್ರ ಬೇಡ. ನಮ್ಮ ಗಾಳಿಗೆ ಅದು ಬೇಗ ಪುಡಿಯಾಗುತ್ತದೆ. ತುದಿಯನ್ನು ಚೂರು ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ.

8. ‘ಗೂಂ’ ಅನ್ನುವ ಹಮ್

ಹಾಡಿಲ್ಲದಾಗಲೂ ಒಂದೇ ಸಮನೆ ಗೂಂ ಅಂದರೆ ಅದು ಕರೆಂಟಿನ 50 ಹರ್ಟ್ಸ್ ಅಥವಾ ಅದರ ದುಪ್ಪಟ್ಟು. ಆಂಪ್ಲಿಫೈಯರಿಗೆ ಬರುವ ಎಲ್ಲ ಇನ್‌ಪುಟ್ ವೈರ್ ತೆಗೆಯಿರಿ. ಆಗಲೂ ಗೂಂ ಇದ್ದರೆ ಆಂಪ್ಲಿಫೈಯರಿನದೇ ದೋಷ, ಹಳೆಯದಾದರೆ ಫಿಲ್ಟರ್ ಕೆಪಾಸಿಟರ್ ಸೊರಗಿರಬಹುದು. ನಿಂತರೆ ಒಂದೊಂದೇ ವೈರ್ ಸೇರಿಸುತ್ತಾ ಬನ್ನಿ. ಬಹಳ ಸಲ ಸಿಕ್ಕಿಬೀಳುವುದು ಕೇಬಲ್ ಟಿವಿಯ ಅಥವಾ ಡಿಶ್‌ನ ವೈರ್. ಎರಡು ದಾರಿಯಿಂದ ಅರ್ಥಿಂಗ್ ಸೇರಿಕೊಂಡು ಸುತ್ತು ಹಾಕುವುದರಿಂದ ಹೀಗಾಗುತ್ತದೆ. ಟಿವಿ, ಸೆಟ್‌ಟಾಪ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಆಡಿಯೋ ವೈರಿಗೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನುವ ಸಣ್ಣ ಡಬ್ಬಿ ಸೇರಿಸಿ.

ಗೂಂ ನಿಲ್ಲಿಸಲು ಪ್ಲಗ್ಗಿನ ದಪ್ಪ ಮೂರನೇ ಪಿನ್ ಕತ್ತರಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಜೀವ ಉಳಿಸುವ ಪಿನ್ ಅದು. ಬೇಸಿಗೆಯಲ್ಲಿ ಮಾತ್ರ ಗೂಂ ಜಾಸ್ತಿಯಾಗುವ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಒಣಗಿರುವ ಸಾಧ್ಯತೆ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಅದಕ್ಕೆ ಆಗಾಗ ನೀರು ಹೊಯ್ಯಿರಿ, ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಅಳತೆ ಮಾಡಿಸಿ.

9. ಫೋನ್, ಟಿವಿಯ ಸೆಟ್ಟಿಂಗ್

ಟಿವಿಯಲ್ಲಿ ‘ವರ್ಚುವಲ್ ಸರೌಂಡ್’, ‘ಆಟೋ ವಾಲ್ಯೂಮ್’ ಆಫ್ ಮಾಡಿ. ಫೋನಿನಿಂದ ಬ್ಲೂಟೂತ್ ಬದಲು ವೈರ್ ಹಾಕಲು ಆದರೆ ಹಾಕಿ. ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು ಆಂಪ್ಲಿಫೈಯರಿನಲ್ಲಿ ತಗ್ಗಿಸಿ, ಆಗ ಹಿನ್ನೆಲೆಯ ಸುಯ್ ಸದ್ದು ಕಡಿಮೆಯಾಗುತ್ತದೆ.

ಈಕ್ವಲೈಜರ್ ಅಂದರೆ ಬೇರೆ ಬೇರೆ ಮಟ್ಟದ ದನಿಯನ್ನು ಏರಿಸಿ ಇಳಿಸುವ ಕೀಲಿ. ಅದನ್ನು ಕೊನೆಗೆ ಮುಟ್ಟಿ, ಇಳಿಸಲು ಮಾತ್ರ ಬಳಸಿ. ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ಸಣ್ಣ ವಾಲ್ಯೂಮಿನಲ್ಲಿ 40ರಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸಿ. ಯಾವ ಮಟ್ಟದಲ್ಲಿ ಕೋಣೆ ಒಮ್ಮೆಗೇ ಗುಂಯ್ ಅನ್ನುತ್ತದೋ ಅಲ್ಲಿ 3ರಿಂದ 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ತಗ್ಗಿಸಿ. ಏರಿಸಿದರೆ ಏನಾಗುತ್ತದೆ? 3 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ಎರಡು ಪಟ್ಟು ಶಕ್ತಿ ಕೊಡಬೇಕು, 10 ಡೆಸಿಬೆಲ್‌ಗೆ ಹತ್ತು ಪಟ್ಟು. ಸಣ್ಣ ಆಂಪ್ಲಿಫೈಯರ್ ಅಷ್ಟು ಕೊಡಲಾರದೆ ಸದ್ದನ್ನು ಒಡೆಯುತ್ತದೆ, ಮೊದಲು ಸುಡುವುದು ಟ್ವೀಟರ್.

10. ಮಳೆ, ಸಿಡಿಲು

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ವಾರದಲ್ಲಿ ಎರಡು ಮೂರು ದಿನ ಅರ್ಧ ಗಂಟೆಯಾದರೂ ಹಾಡು ಹಾಕಿ, ಆ ಬಿಸಿಗೆ ಒಳಗಿನ ತೇವ ಆರುತ್ತದೆ. ಓಡುವಾಗ ಆಂಪ್ಲಿಫೈಯರ್ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ. ಸ್ಪೀಕರಿನ ಕಾಗದದ ಕೋನಿಗೆ ಬೂಷ್ಟು ಬಂದರೆ ಒದ್ದೆ ಬಟ್ಟೆ ಮುಟ್ಟಿಸದೆ ಒಣ ಮೆತ್ತನೆ ಬ್ರಷ್‌ನಿಂದ ಉದುರಿಸಿ.

ಕೋನಿನ ಅಂಚಿನ ಸುತ್ತ ಇರುವ ಉಂಗುರವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಸ್ಪಂಜಿನದ್ದಾಗಿದ್ದು ಅಂಟಂಟಾಗಿ ಕೈಗೆ ಹತ್ತಿದರೆ ಅದರ ಆಯುಷ್ಯ ಮುಗಿದಿದೆ. ಸ್ಪೀಕರ್ ಎಸೆಯಬೇಡಿ. ಉಂಗುರ ಮಾತ್ರ ಬದಲಿಸುವವರು ಇದ್ದಾರೆ, ಅಳತೆಗೆ ಸಿಕ್ಕರೆ ರಬ್ಬರಿನದ್ದನ್ನೇ ಹಾಕಿಸಿ. ಸೆಕೆಂಡ್‌ಹ್ಯಾಂಡ್ ಸ್ಪೀಕರ್ ಕೊಳ್ಳುವಾಗಲೂ ಜಾಲರಿ ತೆಗೆಸಿ ಇದನ್ನೇ ಮೊದಲು ನೋಡಿ.

ಏಪ್ರಿಲ್–ಮೇಯ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್ ಹೊತ್ತಿಗೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಸಣ್ಣ ಸಂದು ಸಿಡಿಲಿಗೆ ಅಡ್ಡಿಯೇ ಅಲ್ಲ. ಕರೆಂಟಿನ ಏಕಾಏಕಿ ಏರಿಕೆ ತಡೆಯುವ ಸರ್ಜ್ ಬೋರ್ಡ್ ಇದ್ದರೂ ಕಿತ್ತಿಡಿ. ಕೇಬಲ್ ವೈರ್, ಆಂಟೆನಾ, ಇಂಟರ್ನೆಟ್ ವೈರ್ ಇವುಗಳನ್ನೂ ಬೇರ್ಪಡಿಸಿ. ಕರೆಂಟಿನ ಪ್ಲಗ್ ಕಿತ್ತಿಟ್ಟರೂ ಡಿಶ್ ವೈರ್ ಸೇರಿಕೊಂಡೇ ಇದ್ದರೆ ಸಿಡಿಲಿಗೆ ಆ ದಾರಿ ತೆರೆದೇ ಇರುತ್ತದೆ. ಗುಡುಗು ಶುರುವಾದ ಮೇಲೆ ಮಾತ್ರ ಯಾವ ವೈರನ್ನೂ ಮುಟ್ಟಲು ಹೋಗಬೇಡಿ.